ವಾಲ್‌ರಸ್ ಬೀಳುವುದನ್ನು ಮಕ್ಕಳಿಗೆ ತೋರಿಸಬೇಕಾ?

ಪ್ರಶ್ನೆ: ಮೇಡಂ, ನಾನು ಚಿಕ್ಕಮಗಳೂರು ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಶನಿವಾರ ಕ್ಲಾಸ್ ಮುಗಿದ ಮೇಲೆ ಇಕೋ ಕ್ಲಬ್ ಮಕ್ಕಳಿಗೆ ಪ್ರೊಜೆಕ್ಟರ್ ಹಾಕಿ ಪರಿಸರದ ಡಾಕ್ಯುಮೆಂಟರಿ ತೋರಿಸುತ್ತೇನೆ. ಹೋದ ತಿಂಗಳು ವಾಲ್‌ರಸ್‌ಗಳು, ಅಂದರೆ ಉದ್ದ ದಂತವಿರುವ ದೊಡ್ಡ ಕಡಲ ಪ್ರಾಣಿಗಳು, ಬಂಡೆಯ ಮೇಲಿಂದ ಬಿದ್ದು ಸಾಯುವ ದೃಶ್ಯ ಇದ್ದ ಚಿತ್ರ ತೋರಿಸಿದೆ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಎರಡು ರಾತ್ರಿ ನಿದ್ದೆ ಮಾಡಲಿಲ್ಲ ಎಂದು ಅವಳ ತಾಯಿ ಶಾಲೆಗೆ ಬಂದು ಬೇಸರ ಮಾಡಿಕೊಂಡರು. ಇನ್ನೊಬ್ಬ ಹುಡುಗನ ಅಪ್ಪ, ‘ಅದೆಲ್ಲ ಗ್ರಾಫಿಕ್ಸ್ ಮೇಷ್ಟ್ರೇ, ಫಾರಿನ್‌ನವರು ದುಡ್ಡಿಗೆ ಮಾಡೋದು’ ಎಂದರು. ಮೂರನೆಯದು ಇನ್ನೂ ಕಷ್ಟದ್ದು. ಕುದುರೆಮುಖ ಗಣಿಯ ಬಗ್ಗೆ ಇರುವ ಚಿತ್ರ ತೋರಿಸೋಣ ಎಂದಾಗ ಒಬ್ಬ ಹುಡುಗ ಎದ್ದು ನಿಂತು, ‘ನಮ್ಮ ಅಜ್ಜ ಕಂಪನಿಯಲ್ಲಿದ್ದರು ಸಾರ್. ಆ ಪಿಕ್ಚರ್‌ನಿಂದಲೇ ಕಂಪನಿ ಮುಚ್ಚಿತು, ಅದರಲ್ಲಿ ಒಂದೇ ಕಡೆ ಹೇಳಿದ್ದಾರೆ ಅಂತಾರೆ’ ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಇಂಥ ಚಿತ್ರಗಳನ್ನು ಎಷ್ಟು ನಂಬಬಹುದು? ಮಕ್ಕಳಿಗೆ ತೋರಿಸಬೇಕಾ, ನಿಲ್ಲಿಸಬೇಕಾ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ಓದಿ ಮೊದಲು ಆ ಹುಡುಗ ಇಷ್ಟವಾದ. ಅಜ್ಜನ ಮಾತನ್ನು ಕ್ಲಾಸಿನಲ್ಲಿ ಎದ್ದು ನಿಂತು ಹೇಳಿದನಲ್ಲ! ಅವನ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಅಲ್ಲಿಯೇ ಜಾಸ್ತಿ ಹೊತ್ತು ನಿಲ್ಲಬೇಕಾಗುತ್ತದೆ.

ಗ್ರಾಫಿಕ್ಸ್ ಎಂದ ಅಪ್ಪನಿಂದ ಶುರು ಮಾಡೋಣ. ನಾನು ಇಪ್ಪತ್ತೆರಡು ವರ್ಷದಿಂದ ಕಾಡು, ನದಿ, ಪ್ರಾಣಿಗಳ ಚಿತ್ರ ಎಡಿಟ್ ಮಾಡುತ್ತಿದ್ದೇನೆ. ಅವರ ಅನುಮಾನ ಪೂರ್ತಿ ತಪ್ಪಲ್ಲ. ಅದು ಹೋಗಬೇಕಾದ ಜಾಗಕ್ಕೆ ಹೋಗಿಲ್ಲ, ಅಷ್ಟೇ.

ಈ ಕಸುಬಿನಲ್ಲಿ ನಾಟಕ ಹುಟ್ಟಿನಿಂದಲೇ ಇದೆ. 1922ರ ‘ನಾನೂಕ್ ಆಫ್ ದಿ ನಾರ್ತ್’ ಅನ್ನು ಡಾಕ್ಯುಮೆಂಟರಿಗಳ ಮುತ್ತಜ್ಜ ಎನ್ನುತ್ತಾರೆ. ಕೆನಡಾದ ಉತ್ತರದ ಹಿಮಸೀಮೆಯಲ್ಲಿ ಅದನ್ನು ತೆಗೆದವರು ರಾಬರ್ಟ್ ಫ್ಲಾಹರ್ಟಿ. ಹಿಮದ ಮನೆಯೊಳಗೆ ಆಗಿನ ಕ್ಯಾಮೆರಾಕ್ಕೆ ಬೆಳಕು ಸಾಲದು ಎಂದು ಅರ್ಧ ಗೋಡೆ ಇಲ್ಲದ ಮನೆ ಕಟ್ಟಿಸಿದರು. ಅಲ್ಲಿನ ಜನ ಅಷ್ಟರಲ್ಲಿ ಬಂದೂಕು ಬಳಸುತ್ತಿದ್ದರು, ಆದರೂ ಹಳೆಯ ಈಟಿ ಹಿಡಿಸಿ ವಾಲ್‌ರಸ್ ಬೇಟೆ ಮಾಡಿಸಿದರು. ನೋಡಿ, ಅಲ್ಲೂ ವಾಲ್‌ರಸ್! ಇದೇ ಫ್ಲಾಹರ್ಟಿ ಆಮೇಲೆ ನಮ್ಮ ಮೈಸೂರು ಸೀಮೆಗೆ ಬಂದು, ಮಾವುತನ ಮಗ ಸಾಬು ಎಂಬ ಹುಡುಗನನ್ನು ಹಾಕಿಕೊಂಡು ‘ಎಲಿಫೆಂಟ್ ಬಾಯ್’ ತೆಗೆದರು. ಅದು ಕಥಾಚಿತ್ರ, ಬಿಡಿ.

ನಾನೂಕ್‌ಗಿಂತ ಕೆಟ್ಟದ್ದು 1958ರ ‘ವೈಟ್ ವಿಲ್ಡರ್‌ನೆಸ್’. ಲೆಮ್ಮಿಂಗ್ ಎಂಬ ಇಲಿಯಂಥ ಪುಟ್ಟ ಪ್ರಾಣಿಗಳು ಸಾಲು ಸಾಲಾಗಿ ಬಂಡೆಯಿಂದ ನೀರಿಗೆ ಹಾರುವ ದೃಶ್ಯ ಅದರಲ್ಲಿದೆ. ಚಿತ್ರಕ್ಕೆ ಆಸ್ಕರ್ ಬಂತು. ಲೆಮ್ಮಿಂಗ್‌ಗಳು ಸಾಮೂಹಿಕ ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂದು ಜಗತ್ತೇ ನಂಬಿತು. 1982ರಲ್ಲಿ ಕೆನಡಾದ ಟೀವಿ ಪತ್ರಕರ್ತರು ಹಿಂದಿನ ಕಥೆ ಹೊರತಂದರು. ಆ ಪ್ರಾಣಿಗಳೇ ಇಲ್ಲದ ಆಲ್ಬರ್ಟಾ ಪ್ರಾಂತ್ಯಕ್ಕೆ ಅವನ್ನು ಬೇರೆ ಕಡೆಯಿಂದ ತರಿಸಿದ್ದರು. ಒಂದಿಷ್ಟೇ ಇದ್ದವನ್ನು ದೊಡ್ಡ ಹಿಂಡಿನ ಹಾಗೆ ಕಾಣಿಸಿ, ನೀರಿಗೆ ತಳ್ಳಿ ಚಿತ್ರ ತೆಗೆದಿದ್ದರು. ಲೆಮ್ಮಿಂಗ್ ಆತ್ಮಹತ್ಯೆ ಮಾಡಿಕೊಳ್ಳುವುದಿಲ್ಲ. ಸಂತತಿ ಜಾಸ್ತಿಯಾದಾಗ ವಲಸೆ ಹೋಗುತ್ತವೆ, ಹೊಳೆ ದಾಟುವಾಗ ಕೆಲವು ಮುಳುಗುತ್ತವೆ. ಅಷ್ಟೇ.

ಇದು ಶುದ್ಧ ಮೋಸ. ಇದನ್ನೂ ಇನ್ನೊಂದನ್ನೂ ಒಂದೇ ತಕ್ಕಡಿಗೆ ಹಾಕಬಾರದು. 2011ರಲ್ಲಿ ಬಿಬಿಸಿಯ ‘ಫ್ರೋಜನ್ ಪ್ಲಾನೆಟ್’ ಸರಣಿಯಲ್ಲಿ ಹಿಮಕರಡಿ ಮರಿಗಳು ಗುಹೆಯೊಳಗೆ ತಾಯಿಯ ಹತ್ತಿರ ಇರುವ ದೃಶ್ಯ ಬಂತು. ಅದನ್ನು ತೆಗೆದದ್ದು ನೆದರ್‌ಲ್ಯಾಂಡ್ಸ್‌ನ ಮೃಗಾಲಯದಲ್ಲಿ ಎಂದು ಗೊತ್ತಾಗಿ ದೊಡ್ಡ ಗಲಾಟೆ ಆಯಿತು. ಆದರೆ ಕಾಡಿನ ಗುಹೆಗೆ ಕ್ಯಾಮೆರಾ ನುಗ್ಗಿಸಿದರೆ ತಾಯಿ ಗಾಬರಿಯಾಗಿ ಮರಿಗಳ ಜೀವಕ್ಕೇ ಅಪಾಯ. ತೋರಿಸಿದ ನಡವಳಿಕೆ ನಿಜ, ಜಾಗ ಬೇರೆ. ಅದನ್ನು ಪರದೆಯ ಮೇಲೇ ಒಂದು ಸಾಲಿನಲ್ಲಿ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು.

ಸದ್ದಿನ ವಿಷಯವಂತೂ ಮಕ್ಕಳಿಗೆ ಹೇಳಿದರೆ ಖುಷಿಪಡುತ್ತಾರೆ. ಅರ್ಧ ಕಿಲೋಮೀಟರ್ ದೂರದಿಂದ ದೊಡ್ಡ ಲೆನ್ಸ್ ಹಾಕಿ ತೆಗೆದ ಪ್ರಾಣಿಯ ಹೆಜ್ಜೆ ಸದ್ದು ಯಾವ ಮೈಕಿಗೂ ಸಿಗುವುದಿಲ್ಲ. ಅದನ್ನು ಸ್ಟುಡಿಯೋದಲ್ಲಿ ಮಾಡುತ್ತಾರೆ. ಹಿಮದ ಮೇಲೆ ನಡೆಯುವ ಕರ್ ಕರ್ ಸದ್ದು ಬೇಕಾದರೆ ಚೀಲಕ್ಕೆ ಕಾರ್ನ್‌ಫ್ಲೋರ್ ತುಂಬಿ ಹಿಚುಕಿದರೆ ಆಯಿತು. ನಿಮ್ಮ ಬಿಸಿಯೂಟದ ಅಡುಗೆಮನೆಯಲ್ಲಿ ಕಾರ್ನ್‌ಫ್ಲೋರ್ ಸಿಕ್ಕರೆ ನೀವೇ ಮಾಡಿ ತೋರಿಸಬಹುದು.

ಇನ್ನು ವಾಲ್‌ರಸ್. ಅದು ಗ್ರಾಫಿಕ್ಸ್ ಅಲ್ಲ. ನೀವು ಹೇಳುತ್ತಿರುವುದು 2019ರ ನೆಟ್‌ಫ್ಲಿಕ್ಸ್ ಸರಣಿ ‘ಅವರ್ ಪ್ಲಾನೆಟ್’ನ ದೃಶ್ಯ ಎಂದುಕೊಂಡಿದ್ದೇನೆ. ರಷ್ಯಾದ ಈಶಾನ್ಯ ತುದಿಯ ಕಡಲತೀರದಲ್ಲಿ 2017ರಲ್ಲಿ ತೆಗೆದದ್ದು. ಸುಮಾರು 80 ಮೀಟರ್ ಎತ್ತರದ ಬಂಡೆ. ಪ್ರಾಣಿಗಳು ನಿಜವಾಗಿಯೇ ಬಿದ್ದವು, ನಿಜವಾಗಿಯೇ ಸತ್ತವು. ಜಗಳ ಇರುವುದು ಯಾಕೆ ಬಿದ್ದವು ಎನ್ನುವುದರಲ್ಲಿ.

ಹವಾಮಾನ ಬದಲಾಗಿ ಸಮುದ್ರದ ಮಂಜುಗಡ್ಡೆ ಕರಗಿದ್ದೇ ಕಾರಣ ಎನ್ನುತ್ತದೆ ಚಿತ್ರ. ಇದರಲ್ಲಿ ದೊಡ್ಡ ಸತ್ಯ ಇದೆ. ವಾಲ್‌ರಸ್‌ಗಳು ಆಳ ಕಡಿಮೆ ಇರುವ ಕಡಲಿನಲ್ಲಿ ಮುಳುಗಿ, ತಳದ ಚಿಪ್ಪುಜೀವಿಗಳನ್ನು ತಿಂದು, ಮೇಲೆ ಬಂದು ತೇಲುವ ಮಂಜುಗಡ್ಡೆಯ ಮೇಲೆ ಸುಧಾರಿಸಿಕೊಳ್ಳುತ್ತವೆ. ಊಟದ ಮನೆಯ ಪಕ್ಕದಲ್ಲೇ ಜಗಲಿ ಇದ್ದ ಹಾಗೆ. ಬೇಸಿಗೆಯಲ್ಲಿ ಮಂಜುಗಡ್ಡೆ ಉತ್ತರಕ್ಕೆ, ಆಳ ಸಮುದ್ರದ ಕಡೆಗೆ ಸರಿದುಬಿಟ್ಟರೆ ಅಲ್ಲಿಂದ ತಳ ಮುಟ್ಟಲು ಆಗುವುದಿಲ್ಲ. ಆಗ ದಡಕ್ಕೆ ಬರುತ್ತವೆ. ಸಾವಿರಗಟ್ಟಲೆ ಪ್ರಾಣಿಗಳು ಒಂದೇ ಕಡೆ ಒತ್ತೊತ್ತಾಗಿ ಬಿದ್ದುಕೊಳ್ಳುತ್ತವೆ. ಜಾಗ ಸಾಲದೆ ಕೆಲವು ಮೇಲೆ ಹತ್ತುತ್ತವೆ.

ಆದರೆ ಹತ್ತಿದ್ದು ಬಿದ್ದದ್ದು ಯಾಕೆ? ಹಿಮಕರಡಿಗಳು ಬಂದು ಹೆದರಿಸಿದ್ದರಿಂದ ಎಂದು ಕೆಲವರು ವಾದಿಸಿದರು. ಚಿತ್ರ ತಂಡ ಅದನ್ನು ಒಪ್ಪಲಿಲ್ಲ. 1990ರ ದಶಕದಲ್ಲೇ ಅಲಾಸ್ಕಾದ ಟೋಗಿಯಾಕ್ ಎಂಬಲ್ಲಿ ಗಂಡು ವಾಲ್‌ರಸ್‌ಗಳು ಎತ್ತರಕ್ಕೆ ಹತ್ತಿ ಬಿದ್ದು ಸತ್ತದ್ದು ದಾಖಲಾಗಿದೆ. ಅಂದರೆ ಈ ಸಾವು ಮೊದಲ ಸಲ ಕಂಡದ್ದೇನೂ ಅಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಅಷ್ಟೊಂದು ವಾಲ್‌ರಸ್ ದಡಕ್ಕೆ ಬಂದು ಸೇರಲು ಮಂಜುಗಡ್ಡೆ ಕರಗಿದ್ದು ಮುಖ್ಯ ಕಾರಣ. ಒಂದೊಂದು ವಾಲ್‌ರಸ್ ಬಿದ್ದದ್ದಕ್ಕೆ ಬೇರೆ ಬೇರೆ ಕಾರಣ ಇರಬಹುದು. ಚಿತ್ರ ಈ ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿ, ಮೇಲೆ ಸಂಗೀತ ಹಾಕಿತು. ಎಡಿಟರ್ ಆಗಿ ಹೇಳುತ್ತೇನೆ, ನಾನಿದ್ದರೂ ಬಹುಶಃ ಹಾಗೇ ಪೋಣಿಸುತ್ತಿದ್ದೆ. ಎಂಟು ನಿಮಿಷದಲ್ಲಿ ‘ಇದೂ ಇರಬಹುದು, ಅದೂ ಇರಬಹುದು’ ಎಂದರೆ ಜನ ಚಾನೆಲ್ ಬದಲಿಸುತ್ತಾರೆ ಎಂಬ ಭಯ ನಮಗೆ ಯಾವಾಗಲೂ ಇರುತ್ತದೆ.

ಆ ಹುಡುಗಿಯ ತಾಯಿಗೆ ಇದನ್ನೂ ತಿಳಿಸಿ: ಸರಣಿ ಬಂದಾಗ ದೊಡ್ಡವರೇ ಅತ್ತಿದ್ದರು. ಪ್ರಾಣಿಪ್ರಿಯರು ಇಂತಿಂಥ ನಿಮಿಷ ಬಿಟ್ಟು ನೋಡಿ ಎಂದು ನೆಟ್‌ಫ್ಲಿಕ್ಸ್‌ನವರೇ ಟ್ವೀಟ್ ಮಾಡಬೇಕಾಯಿತು. ನಿಮ್ಮ ಹುಡುಗಿ ಅತಿ ಸೂಕ್ಷ್ಮ ಸ್ವಭಾವದವಳೇನೂ ಅಲ್ಲ. ಆ ದೃಶ್ಯವನ್ನು ಹಾಗೆ ಅಳಿಸಲೆಂದೇ ಕಟ್ಟಿದ್ದಾರೆ. ಮೊದಲು ಬೀಳುವ ಪ್ರಾಣಿಯ ಮುಖ ಹತ್ತಿರದಿಂದ, ಆಮೇಲೆ ನಿಶ್ಶಬ್ದ, ಆಮೇಲೆ ಬೀಳುವುದು ನಿಧಾನ ಗತಿಯಲ್ಲಿ. ಇದು ನಮ್ಮ ಕೈಚಳಕ. ಹೇಗೆ ಕಟ್ಟಿದ್ದಾರೆ ಎಂದು ಬಿಡಿಸಿ ತೋರಿಸಿದರೆ ಹೆದರಿಕೆ ಅರ್ಧ ಇಳಿಯುತ್ತದೆ. ದೃಶ್ಯದ ಸದ್ದು ಪೂರ್ತಿ ತೆಗೆದು ಇನ್ನೊಮ್ಮೆ ಹಾಕಿ ನೋಡಿ. ಬೇರೆಯದೇ ದೃಶ್ಯ ಅನ್ನಿಸುತ್ತದೆ. ಅವಳಿಗೆ ಮತ್ತೆ ನೋಡಲು ಮನಸ್ಸಿಲ್ಲ ಎಂದರೆ ಮಾತ್ರ ಒತ್ತಾಯ ಮಾಡಬೇಡಿ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಈಗ. ನಮ್ಮ ಕಸುಬಿನಲ್ಲಿ ಪರದೆಯ ಮೇಲೆ ಸುಳ್ಳು ವಸ್ತು ಇಡುವುದು ಅಪರೂಪ. ನಿಜವಾದದ್ದನ್ನು ಫ್ರೇಮಿನಿಂದ ಆಚೆ ಇಡುವುದು ದಿನನಿತ್ಯದ ಕೆಲಸ.

ನಾನೇ ಮಾಡಿದ್ದು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಚಾನೆಲ್‌ಗೆ ಹುಲಿ ನೀರು ಕುಡಿಯುವ ದೃಶ್ಯ ಎಡಿಟ್ ಮಾಡುತ್ತಿದ್ದೆ. ಬೇಸಿಗೆ, ಒಣಗಿದ ಕಾಡು, ಕಟ್ಟೆಯಲ್ಲಿ ನೀರು. ಅದ್ಭುತ ಶಾಟ್. ಆದರೆ ಎಡ ಮೂಲೆಯಲ್ಲಿ ಸೋಲಾರ್ ಫಲಕ ಮತ್ತು ಒಂದು ಕಪ್ಪು ಪೈಪು. ಆ ಕಟ್ಟೆಗೆ ನೀರು ಬರುತ್ತಿದ್ದದ್ದೇ ಬೋರ್‌ವೆಲ್‌ನಿಂದ. ನಿರ್ಮಾಪಕರು ‘ಅದನ್ನು ತೆಗೆದುಬಿಡಿ’ ಎಂದರು. ಫೋರ್‌ಕೆಯಲ್ಲಿ, ಅಂದರೆ ಬೇಕಾದ್ದಕ್ಕಿಂತ ಹೆಚ್ಚು ಸ್ಪಷ್ಟವಾಗಿ ತೆಗೆದಿದ್ದರಿಂದ ಸ್ವಲ್ಪ ಹಿಗ್ಗಿಸಿ ಅಂಚು ಕತ್ತರಿಸಿದೆ. ಎರಡು ನಿಮಿಷದ ಕೆಲಸ. ನೋಡಿದವರಿಗೆ ಅದು ಮನುಷ್ಯ ಮುಟ್ಟದ ಕಾಡು. ಹುಲಿ ನಿಜ, ನೀರು ನಿಜ. ಆದರೂ ಆ ಶಾಟ್ ಸುಳ್ಳು ಹೇಳುತ್ತದೆ ಅಲ್ವಾ?

ಇದಕ್ಕಿಂತ ದೊಡ್ಡ ಉದಾಹರಣೆ ಬೇಕಾದರೆ ಕಬಿನಿ ಹಿನ್ನೀರು. ಬೇಸಿಗೆಯಲ್ಲಿ ನೂರಾರು ಆನೆಗಳು ಹಸಿರು ಹುಲ್ಲಿನ ಮೇಲೆ ಮೇಯುವ ಆ ನೋಟವನ್ನು ನಿಮ್ಮ ಮಕ್ಕಳೂ ನೋಡಿರುತ್ತಾರೆ. ಎಂಥ ಆದಿಕಾಲದ ನೋಟ ಅನ್ನಿಸುತ್ತದೆ. ಆದರೆ ಅದು ಬೀಚನಹಳ್ಳಿಯಲ್ಲಿ 1974ರಲ್ಲಿ ಮುಗಿದ ಅಣೆಕಟ್ಟಿನ ನೀರು. ಅಡಿಯಲ್ಲಿ ಕಾಡೂ ಇದೆ, ಊರುಗಳೂ ಇವೆ. ಕಾಕನಕೋಟೆಯ ಆ ಕಡೆಯಲ್ಲೇ ಆನೆಗಳನ್ನು ಹಿಡಿಯುವ ಖೆಡ್ಡಾ ನಡೆಯುತ್ತಿತ್ತು. ಕೊನೆಯ ಖೆಡ್ಡಾ 1971ರಲ್ಲಿ. ಬೇಸಿಗೆಯಲ್ಲಿ ನೀರು ಇಳಿದಾಗ ತೇವದ ಮಣ್ಣಿನಲ್ಲಿ ಹುಲ್ಲು ಚಿಗುರುತ್ತದೆ, ಸುತ್ತಲಿನ ಕಾಡೆಲ್ಲ ಒಣಗಿರುತ್ತದೆ, ಆನೆಗಳು ಬಂದು ಸೇರುತ್ತವೆ. ಮನುಷ್ಯ ಪರಿಸರದ ಮೇಲೆ ಏನು ಮಾಡಿದ ಎಂದು ತೋರಿಸಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಹಾನಿಯೂ ಅಲ್ಲೇ, ಅನುಕೂಲವೂ ಅಲ್ಲೇ. ಆದರೆ ಬಹಳಷ್ಟು ಕ್ಯಾಮೆರಾಗಳು ಅಣೆಕಟ್ಟಿಗೆ ಬೆನ್ನು ಮಾಡಿ ನಿಲ್ಲುತ್ತವೆ.

ಈಗ ಅಜ್ಜನ ಮಾತಿಗೆ ಬರೋಣ.

ಆ ಹುಡುಗ ಹೇಳಿದ ಚಿತ್ರ ಶೇಖರ್ ದತ್ತಾತ್ರಿ ಅವರು 2001ರಲ್ಲಿ ಮಾಡಿದ ‘ಮೈಂಡ್‌ಲೆಸ್ ಮೈನಿಂಗ್’ ಇರಬೇಕು. ಚಿಕ್ಕ ಚಿತ್ರ. ಗಣಿ ನಿಲ್ಲಿಸಬೇಕೆಂದು ನಡೆಯುತ್ತಿದ್ದ ಅಭಿಯಾನಕ್ಕಾಗಿ ಮಾಡಿದ್ದು. ಅದು ಒಂದು ಕಡೆ ನಿಂತು ಮಾತಾಡುತ್ತದೆ, ಹೌದು. ಅದಕ್ಕೆಂದೇ ಮಾಡಿದ ಚಿತ್ರ ಅದು. ವಕೀಲರ ವಾದದ ಹಾಗೆ. ವಕೀಲರು ಎದುರು ಪಕ್ಷದ ವಾದವನ್ನೂ ಹೇಳಲಿಲ್ಲ ಎಂದು ನಾವು ಕೋಪ ಮಾಡಿಕೊಳ್ಳುವುದಿಲ್ಲ. ಆದರೆ ಅವರು ಕೊಟ್ಟ ಸಾಕ್ಷಿ ಸುಳ್ಳಾ ಎಂದು ಕೇಳಬೇಕು.

ಸಾಕ್ಷಿ ಸುಳ್ಳಾಗಿರಲಿಲ್ಲ. ಕಂಪನಿ ಶುರುವಾದದ್ದು 1976ರಲ್ಲಿ. ಅಲ್ಲಿಯದು ಕಬ್ಬಿಣದ ಅಂಶ ಕಡಿಮೆ ಇರುವ ಅದಿರು. ಹಾಗಾಗಿ ಗುಡ್ಡ ಅಗೆದು, ಪುಡಿ ಮಾಡಿ, ಕಬ್ಬಿಣದ ಭಾಗ ಬೇರ್ಪಡಿಸಿ, ನೀರಿನಲ್ಲಿ ಕಲಸಿ, ಘಟ್ಟದ ಕೆಳಗೆ ಮಂಗಳೂರಿಗೆ ಪೈಪಿನಲ್ಲಿ ಬಿಡುತ್ತಿದ್ದರು. ಉಳಿದ ಕೆಸರು ಲಖ್ಯಾ ಅಣೆಕಟ್ಟಿನ ಹಿಂದೆ ತುಂಬುತ್ತಿತ್ತು. ಇದೆಲ್ಲ ನಡೆದದ್ದು ಭದ್ರಾ ನದಿಯ ತಲೆಯ ಮೇಲೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದು ಅದೇ ಬೆಟ್ಟಸಾಲಿನಲ್ಲಿ ಎಂದು ನಿಮ್ಮ ಮಕ್ಕಳಿಗೆ ನಾನು ಹೇಳಬೇಕಾಗಿಲ್ಲ. ಅಲ್ಲಿನ ಮಳೆ ಎಂಥದ್ದು ಎಂದೂ ಹೇಳಬೇಕಾಗಿಲ್ಲ. ಬೋಳು ಮಾಡಿದ ಗುಡ್ಡದ ಮೇಲೆ ಆ ಮಳೆ ಬಿದ್ದರೆ ಮಣ್ಣು ನಿಲ್ಲುತ್ತದೆಯೇ? ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಹರಿದದ್ದನ್ನು ಕಳಸದ ಕಡೆಯ ಹಿರಿಯರು ಯಾರನ್ನು ಕೇಳಿದರೂ ಹೇಳುತ್ತಾರೆ. ನದಿಯ ಹೂಳನ್ನು ಅಳೆದ ವಿಜ್ಞಾನಿಗಳೂ ಅದನ್ನೇ ಹೇಳಿದರು. ಜಲಾನಯನದಲ್ಲಿ ಗಣಿ ಇದ್ದದ್ದು ಸಣ್ಣ ಭಾಗ, ಹೂಳಿನಲ್ಲಿ ಅದರ ಪಾಲು ಮಾತ್ರ ದೊಡ್ಡದು.

ಆದರೆ ‘ಪಿಕ್ಚರ್‌ನಿಂದ ಕಂಪನಿ ಮುಚ್ಚಿತು’ ಎನ್ನುವುದು ಸರಿಯಲ್ಲ. ನಮ್ಮ ಕಸುಬಿನವರಿಗೆ ಅದನ್ನು ಕೇಳಲು ಹಿತವಾಗಿರುತ್ತದೆ, ಆದರೂ ಸರಿಯಲ್ಲ. ಗಣಿಯ ಗುತ್ತಿಗೆ ಕಂಪನಿಗಿಂತ ಮೊದಲೇ, 1969ರಲ್ಲಿ ಶುರುವಾದ ಮೂವತ್ತು ವರ್ಷದ್ದು. ಅದು 1999ಕ್ಕೇ ಮುಗಿದಿತ್ತು. ಆಮೇಲೆ ನಡೆದದ್ದು ತಾತ್ಕಾಲಿಕ ಅನುಮತಿಯ ಮೇಲೆ. ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನ. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರಿನಲ್ಲಿ ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು. ಕಾನೂನು, ಹೂಳಿನ ಲೆಕ್ಕ, ಊರಿನವರ ಹೋರಾಟ, ಪತ್ರಿಕೆಗಳು, ಎಲ್ಲ ಸೇರಿ ಆದ ಕೆಲಸ ಅದು. ಚಿತ್ರ ಅದರಲ್ಲಿ ಒಂದು ಕೈ. ಘಟ್ಟ ಹತ್ತಲಾಗದವರ ಮುಂದೆ ಘಟ್ಟವನ್ನೇ ತಂದಿಟ್ಟಿತು.

ಹಾಗಾದರೆ ಅಜ್ಜ ಹೇಳಿದ್ದು ತಪ್ಪಾ? ಅಲ್ಲ. ಒಂದು ಊರೇ ಅಲ್ಲಿತ್ತು. ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಸಂಜೆಯ ಪಾಳಿ ಮುಗಿಸಿ ಬರುವ ಬಸ್ಸು. ಗಣಿ ನಿಂತ ಮೇಲೆ ಅದು ಖಾಲಿಯಾಯಿತು. ಆ ಬದುಕು ಫ್ರೇಮಿನ ಹೊರಗೆ ಉಳಿಯಿತು. ಪರಿಸರದ ಚಿತ್ರ ಮಾಡುವ ನಾವು ಇದನ್ನು ಸದಾ ಮಾಡುತ್ತೇವೆ. ಜೆಸಿಬಿ ತೋರಿಸುತ್ತೇವೆ. ಅದನ್ನು ಓಡಿಸುವವನ ಮುಖ ತೋರಿಸುವುದಿಲ್ಲ. ತೋರಿಸಿದರೆ ನೋಡುವವರ ಸಿಟ್ಟು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಗೊಂದಲವಾಗುತ್ತದೆ ಎಂದು. ಗೊಂದಲವಾದರೆ ಆಗಲಿ ಎನ್ನುವುದು ನನ್ನ ಈಗಿನ ಅಭಿಪ್ರಾಯ. ಇಪ್ಪತ್ತು ವರ್ಷದ ಹಿಂದೆ ಇರಲಿಲ್ಲ.

ತೋರಿಸಬೇಕಾ ನಿಲ್ಲಿಸಬೇಕಾ ಎಂದು ಕೇಳಿದ್ದೀರಿ. ನಿಲ್ಲಿಸಬಹುದು. ಆದರೆ ಮಕ್ಕಳು ಅದೇ ವಾಲ್‌ರಸ್ ದೃಶ್ಯವನ್ನು ಮನೆಯವರ ಮೊಬೈಲಿನಲ್ಲಿ, ಮೂವತ್ತು ಸೆಕೆಂಡಿನ ರೀಲ್ ಆಗಿ, ಯಾವುದೋ ಹಾಡಿನ ಜೊತೆ ನೋಡುತ್ತಾರೆ. ಅಲ್ಲಿ ಪಕ್ಕದಲ್ಲಿ ಮೇಷ್ಟ್ರು ಇರುವುದಿಲ್ಲ. ಚೆಂದದ ಚಿತ್ರಗಳನ್ನು ಮಾತ್ರ ತೋರಿಸುತ್ತೇನೆ ಎಂದರೆ ಯಾವ ತಾಯಿಯೂ ದೂರು ಕೊಡುವುದಿಲ್ಲ. ಆದರೆ ಹುಲಿ, ಆನೆ, ಮಂಗಟ್ಟೆ ಎಲ್ಲ ಸುಖವಾಗಿವೆ ಎಂದು ಮಕ್ಕಳು ತಿಳಿಯುತ್ತಾರೆ. ಸೋಲಾರ್ ಫಲಕ ಕತ್ತರಿಸಿದ ನನ್ನ ಕೆಲಸವನ್ನೇ ನೀವು ಮುಂದುವರಿಸಿದ ಹಾಗೆ. ಬರೀ ಅನಾಹುತದ ಚಿತ್ರ ತೋರಿಸಿದರೆ ಮೊದಲ ವಾರ ಅಳು, ಎರಡನೇ ವಾರ ಬೇಜಾರು, ಮೂರನೇ ವಾರ ‘ನಮ್ಮ ಕೈಲಿ ಏನಾಗುತ್ತೆ ಸಾರ್’. ನಾಲ್ಕನೇ ವಾರ ಕ್ಲಬ್ಬಿಗೆ ಬರುವುದಿಲ್ಲ.

ಚಿತ್ರ ನೋಡಿದ ಮಾತ್ರಕ್ಕೆ ಜನ ಬದಲಾಗುತ್ತಾರೆ ಎಂದು ನಾವು ಸುಮ್ನೆ ಹೇಳಿಕೊಳ್ಳುವುದೂ ಉಂಟು. 2017ರಲ್ಲಿ ಬಂದ ‘ಬ್ಲೂ ಪ್ಲಾನೆಟ್ 2’ ಕಡಲಿನ ಪ್ಲಾಸ್ಟಿಕ್ ಬಗ್ಗೆ ಜಗತ್ತಿನ ಕಣ್ಣು ತೆರೆಸಿತು ಎನ್ನುತ್ತಾರೆ. ಇಂಗ್ಲೆಂಡಿನ ಸಂಶೋಧಕರು ಅದನ್ನು ಪರೀಕ್ಷೆ ಮಾಡಿ ನೋಡಿ 2020ರಲ್ಲಿ ಪ್ರಕಟಿಸಿದರು. ನೋಡಿದವರಿಗೆ ತಿಳಿವಳಿಕೆ ಹೆಚ್ಚಿತ್ತು. ಆದರೆ ತಿಂಡಿ ಆರಿಸಿಕೊಳ್ಳಿ ಎಂದು ಮುಂದಿಟ್ಟಾಗ ಪ್ಲಾಸ್ಟಿಕ್ ಸುತ್ತಿದ್ದನ್ನು ಬಿಡುವ ವಿಷಯದಲ್ಲಿ ನೋಡದವರಿಗಿಂತ ಬೇರೆಯಾಗಿರಲಿಲ್ಲ. ಕುದುರೆಮುಖದ ಚಿತ್ರ ಕೆಲಸ ಮಾಡಿದ್ದು ಅದರ ಹಿಂದೆ ಒಂದು ಕೇಸು, ಮುಂದೆ ಒಂದು ತೀರ್ಮಾನ ಇದ್ದದ್ದರಿಂದ. ವಾಲ್‌ರಸ್ ನೋಡಿದ ಮಲೆನಾಡಿನ ಹುಡುಗಿಗೆ ರಾತ್ರಿ ಎದ್ದು ಮಾಡಲು ಏನೂ ಇಲ್ಲ. ನಿದ್ದೆ ಬರದಿರಲು ಅದೂ ಒಂದು ಕಾರಣ ಇರಬಹುದು.

ಹಾಗಾಗಿ ನಾನು ಹೇಳುವುದು: ತೋರಿಸಿ, ಆದರೆ ಪೂರ್ತಿ ಚಿತ್ರ ಒಟ್ಟಿಗೆ ಬೇಡ. ಹತ್ತು ನಿಮಿಷ ಹಾಕಿ, ನಿಲ್ಲಿಸಿ, ಒಂದೇ ಪ್ರಶ್ನೆ ಕೇಳಿ. ಕ್ಯಾಮೆರಾ ಈಗ ಹಿಂದಕ್ಕೆ ತಿರುಗಿದರೆ ಏನು ಕಾಣುತ್ತದೆ? ಮಕ್ಕಳು ಇದರಲ್ಲಿ ನಮಗಿಂತ ಚುರುಕು. ಮೊದಲು ನೀವೇ ಒಬ್ಬರೇ ಪೂರ್ತಿ ನೋಡಿ, ಸಾವಿನ ದೃಶ್ಯ ಇದ್ದರೆ ಮಕ್ಕಳಿಗೆ ಮೊದಲೇ ಹೇಳಿ. ಬೇಡ ಎಂದವರು ಹೊರಗೆ ಹೋಗಬಹುದು ಎಂದೂ ಹೇಳಿ. ಹೊರಗೆ ಹೋದವರನ್ನು ಯಾರೂ ಗೇಲಿ ಮಾಡದ ಹಾಗೆ ನೋಡಿಕೊಳ್ಳಿ. ಹೈಸ್ಕೂಲಿನಲ್ಲಿ ಅದು ದೊಡ್ಡ ಕೆಲಸ, ನನಗೆ ಗೊತ್ತು.

ಆಮೇಲೆ ಅವರೇ ಒಂದು ಚಿತ್ರ ಮಾಡಲಿ. ಜೇಮ್ಸ್ ಬಾಲಗ್ ಎಂಬ ಫೋಟೋಗ್ರಾಫರ್ 2007ರಿಂದ ಹಿಮನದಿಗಳ ಎದುರು ಕ್ಯಾಮೆರಾ ನೆಟ್ಟು, ಒಂದೇ ಜಾಗದಿಂದ ವರ್ಷಗಟ್ಟಲೆ ಫೋಟೋ ತೆಗೆಸಿದರು. ಆ ಫೋಟೋಗಳನ್ನು ಸಾಲಾಗಿ ಓಡಿಸಿದಾಗ ಹಿಮ ಹಿಂದೆ ಸರಿಯುವುದು ಕಣ್ಣಿಗೆ ಕಂಡಿತು. ವಾದಕ್ಕೆ ಜಾಗವೇ ಇರಲಿಲ್ಲ. ಇದಕ್ಕೆ ದೊಡ್ಡ ಸಾಮಾನು ಬೇಕಿಲ್ಲ. ನಿಮ್ಮ ಶಾಲೆಯ ಹತ್ತಿರದ ಹಳ್ಳಕ್ಕೆ ಕಾಲುಸಂಕ ಇದೆಯಾ? ಅದರ ಮೇಲೆ ಒಂದು ಕಡೆ ಬಣ್ಣದಲ್ಲಿ ಎರಡು ಪಾದದ ಗುರುತು ಹಾಕಿ. ಪ್ರತಿ ಶನಿವಾರ ಅಲ್ಲೇ ನಿಂತು, ಅದೇ ದಿಕ್ಕಿಗೆ, ಮೊಬೈಲ್ ಅಡ್ಡ ಹಿಡಿದು ಒಂದು ಫೋಟೋ. ಜೊತೆಗೆ ಒಂದು ಗಾಜಿನ ಬಾಟಲಿಯಲ್ಲಿ ನೀರು ತುಂಬಿ, ತಾರೀಖು ಬರೆದು ಕಿಟಕಿಯಲ್ಲಿಡಿ. ಜೂನ್‌ನಿಂದ ಮುಂದಿನ ಮೇವರೆಗೆ. ಕೆಳಗೆ ಕೂರುವ ಮಣ್ಣಿನ ಎತ್ತರ ಮಕ್ಕಳೇ ಅಳೆಯುತ್ತಾರೆ.

ಅಪಾಯಗಳಿವೆ, ಹೇಳಿಬಿಡುತ್ತೇನೆ. ಜೋರು ಮಳೆಯ ದಿನ ಫೋಟೋ ಬೇಡವೇ ಬೇಡ. ಒಂದು ವಾರ ತಪ್ಪಿದರೆ ತಪ್ಪಲಿ. ರಾಷ್ಟ್ರೀಯ ಉದ್ಯಾನದ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಶೂಟಿಂಗ್ ಮಾಡುವ ಹಾಗಿಲ್ಲ. ಯಾರದ್ದೋ ಅಣ್ಣನ ಡ್ರೋನ್ ತರಿಸಲೇಬೇಡಿ. ಇನ್ನೊಂದು, ಯಾರೋ ತೋಟದವರು ಕಾಫಿ ಪಲ್ಪಿಂಗ್ ನೀರನ್ನು, ಅಂದರೆ ಹಣ್ಣಿನ ಸಿಪ್ಪೆ ತೆಗೆದ ಕೊಳೆ ನೀರನ್ನು, ಹಳ್ಳಕ್ಕೆ ಬಿಟ್ಟದ್ದು ಫೋಟೋದಲ್ಲಿ ಬೀಳಬಹುದು. ಆ ತೋಟದ ಮಗುವೂ ನಿಮ್ಮ ಕ್ಲಾಸಿನಲ್ಲೇ ಇರುತ್ತದೆ. ಅದನ್ನು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುವ ಮೊದಲು ನೀವೇ ಹೋಗಿ ಮಾತಾಡಿ.

ಕುದುರೆಮುಖದ ಚಿತ್ರ ತೋರಿಸುವ ದಿನ ಆ ಅಜ್ಜನನ್ನು ಕರೆಯಿರಿ. ಚಿತ್ರ ಮುಗಿದ ಮೇಲೆ ಕರೆದರೆ ಅದು ಚರ್ಚಾ ಸ್ಪರ್ಧೆ ಆಗಿಬಿಡುತ್ತದೆ. ಮೊದಲೇ ಕರೆದು ಕೂರಿಸಿ, ಕಾಫಿ ಕೊಟ್ಟು, ಪಾಳಿ ಹೇಗಿರುತ್ತಿತ್ತು, ಗುಡ್ಡ ಹೇಗಿತ್ತು, ಹೊಳೆಯ ನೀರು ಹೇಗಿತ್ತು ಎಂದು ಮಕ್ಕಳಿಂದ ಕೇಳಿಸಿ. ಮೊಮ್ಮಗನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಲಿ. ಆಮೇಲೆ ಚಿತ್ರ ಹಾಕಿ, ಅವರನ್ನೂ ಜೊತೆಗೇ ಕೂರಿಸಿಕೊಂಡು ನೋಡಿ.

ಆ ದನಿಯನ್ನು ನಿಮ್ಮ ಹಳ್ಳದ ಫೋಟೋಗಳ ಕೆಳಗೆ ಇಡಬೇಕು ಎಂದು ಮಕ್ಕಳಿಗೆ ಅನ್ನಿಸಿದರೆ ಎಲ್ಲವನ್ನೂ ನನಗೆ ಕಳಿಸಿ, ಎಡಿಟ್ ಮಾಡಲು ಸಹಾಯ ಮಾಡುತ್ತೇನೆ. ಮ್ಯೂಸಿಕ್ ಮಾತ್ರ ಹಾಕಿ ಕಳಿಸಬೇಡಿ.